ಮೀನುಗಳಿಗೆ ಗಂಟೆ ಹೇಳಬೇಡ

ಮನೆ, ಮೆಟ್ಟಿಲ ಕೆಳಗಿನ ಗೂಡು
ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಮುರಿಯದೇ ಇರುವ ನಿನ್ನ ಕಾಲು ಹೇಗಿದೆ? ಕೂಡಿಕೊಳ್ಳುತ್ತಿದೆ ಎಂದು ನೀನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ಊರಿ ನಡೀತಾಳಂತಾ?" ಎಂದು ಕೇಳಿದರು. "ಹೂಂ, ಅಮ್ಮನ ಕೈ ಹಿಡ್ಕೊಂಡು" ಎಂದೆ. ಆ ಕಾಲನ್ನು ಜೋಪಾನವಾಗಿ ನೋಡಿಕೊಳ್ಳಮ್ಮ, ಈ ಮನೆಯ ಸುಳ್ಳೆಲ್ಲ ಸದ್ಯಕ್ಕೆ ಅದರ ಮೇಲೇ ನಿಂತಿದೆ. ಅಲ್ಲಿ ಸುರಂಗ ಎಲ್ಲಿಗೆ ಬಂತು? ಗುಡ್ಡ ಕೊರೆಯುವವರ ನಡುವೆ ಇದ್ದೂ ಇದ್ದೂ ನೀನು ಅಣ್ಣನ ತಲೆ ಕೊರೆಯುವುದನ್ನೇ ಮರೆತಿದ್ದೀಯೆ. ಸಾಮಾನಿನ ಟ್ರಕ್ಕು ತಪ್ಪದೆ ಬರುತ್ತಿದೆ ತಾನೆ? ನಿನ್ನ ಶಿಬಿರಕ್ಕೆ ಫೋನ್ ತಲುಪುವುದಿಲ್ಲ ಎಂದು ಮೊದಲೆಲ್ಲ ಶಪಿಸುತ್ತಿದ್ದೆ. ಈಗ ಅದೇ ನಮ್ಮನ್ನು ಕಾಯುತ್ತಿದೆ. ಫೋನ್ ಇದ್ದಿದ್ದರೆ "ಅವಳಿಗೆ ಕೊಡು" ಎಂದಿರುತ್ತಿದ್ದರು ಅಪ್ಪ. ಯಾರಿಗೆ ಕೊಡುವುದು?

ಅಪ್ಪನ ಮೈ ಪರವಾಗಿಲ್ಲ. ಎದೆಯ ಹೊಲಿಗೆ ಒಣಗಿದೆ. ಹಿತ್ತಲ ಬಾಗಿಲವರೆಗೆ ನಡೆಯುತ್ತಾರೆ, ನಿನ್ನ ಅತ್ತಿಗೆಯ ಅಡುಗೆಗೆ ಉಪ್ಪು ಕಡಿಮೆ ಎನ್ನುತ್ತಾರೆ. ಬೈಯುವಷ್ಟು ಉಸಿರು ಬಂದಿದೆ ಎಂದರೆ ಗುಣವಾದ ಹಾಗೆಯೇ. ಆದರೆ ಡಾಕ್ಟರದು ಇನ್ನೂ ಅದೇ ಹಾಡು: "ಈಗಲೇ ಹೇಳಬೇಡಿ." ಅಪ್ಪ ಆಪರೇಷನ್ ಆಗಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗಲೇ ಅಮ್ಮ ಈ ಕಡೆ ಮನೆಯಲ್ಲಿ ಕುಸಿದು ಬಿದ್ದವಳು ಹೋಗಿಯೇಬಿಟ್ಟಳಲ್ಲ, ಆಗ ಡಾಕ್ಟರು ಹೇಳಿದ ಮಾತು ಅದು. ಕಣ್ಣು ಬಿಟ್ಟವರು ಮೊದಲು ಕೇಳಿದ್ದೇ "ಅವಳೆಲ್ಲಿ?" ಎಂದು. ಗುಬ್ಬಿ ಕಾಲು ಮುರಿದುಕೊಂಡಿದ್ದಾಳೆ, ನೋಡಿಕೊಳ್ಳಲು ಹೋಗಿದ್ದಾಳೆ ಎಂದೆವು. ಅವರು ದಿನ ಎಣಿಸದಿರಲೆಂದು ಗೋಡೆಯ ಕ್ಯಾಲೆಂಡರ್ ತೆಗೆದು ಬೀರುವಿನ ಹಿಂದೆ ಇಟ್ಟೆವು. "ಈಗಲೇ" ಅನ್ನುವುದು ಯಾವಾಗ ಮುಗಿಯುತ್ತದೆ ಎಂದು ಡಾಕ್ಟರನ್ನು ಕೇಳಲು ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ. ನಿನ್ನ ಕಾಗದಗಳ ಕೊನೆಗೆ ನೀನು ಸೇರಿಸುವ ಅಮ್ಮನ ಸಾಲನ್ನು ಅಪ್ಪ ಎರಡೆರಡು ಸಲ ಓದಿಸಿಕೊಳ್ಳುತ್ತಾರೆ. "ರೀ, ಮಾತ್ರೆ ತಪ್ಪಿಸಬೇಡಿ, ನನಗೆ ನಿಮ್ಮದೇ ಯೋಚನೆ." ಆ ಸಾಲು ಬಂದಾಗ ನಾನು ಸುಮ್ಮನೆ ಕೆಮ್ಮುತ್ತೇನೆ. "ಕಷಾಯ ಕುಡಿಯೋ" ಎನ್ನುತ್ತಾರೆ.

ಸರಿ, ಸುದ್ದಿಗೆ ಬರುತ್ತೇನೆ. ಸುದ್ದಿ ಮೀನಿನದು.

ಅಪ್ಪ ಕಚೇರಿಯಿಂದ ನಿವೃತ್ತರಾದಾಗ ಅವರ ಜೊತೆಗೇ ನಿವೃತ್ತಿ ಮಾಡಿಸಿ ತಂದ ಆ ದೊಡ್ಡ ಕಂಪ್ಯೂಟರ್ ನೆನಪಿದೆಯಲ್ಲ? ಮೆಟ್ಟಿಲ ಕೆಳಗೆ ಕೂತು ಹಗಲೂ ರಾತ್ರಿ ಗೊರಕೆ ಹೊಡೆಯುತ್ತಿತ್ತು. ಅಮ್ಮ ಅದನ್ನು "ನನ್ನ ಸವತಿ" ಎನ್ನುತ್ತಿದ್ದಳು, ಪ್ರತಿ ದಿನ ಸವತಿಯ ಮೈ ತಾನೇ ಒರೆಸುತ್ತಿದ್ದಳು. ಅದರೊಳಗೇ ನಮ್ಮ ಮೀನುತೊಟ್ಟಿ. ನೀನು ಶಾಲೆಗೆ ಹೋಗುವಾಗ ತಂದ ಆ ಆಟ: ದಪ್ಪ ಬಾಲದ ಕೇಸರಿ ಮೀನು "ಯಜಮಾನಿ", ಅಂದರೆ ಅಮ್ಮ, ಕಲ್ಲಿನ ಹಿಂದೆ ಅವಿತಿರುವ ಬೂದು ಮೀನು "ಯಜಮಾನರು", ಪಟ್ಟೆಪಟ್ಟೆಯ ಚೂಟಿ ಮೀನು ನೀನು. ನನಗೆ ಅಮ್ಮ ಬಸವನಹುಳುವನ್ನು ಕೊಟ್ಟಳು. "ಇವನಿಗೆ ಇದೇ ಸರಿ, ಗಾಜು ಒರೆಸಿಕೊಂಡು ಬಿದ್ದಿರುತ್ತೆ" ಎಂದಿದ್ದಳು. ಇವತ್ತಿಗೂ ಆ ಅವಮಾನ ಮರೆತಿಲ್ಲ.

ಆ ಆಟಕ್ಕೆ ಒಂದು ಐಬು. ಮುಚ್ಚಿದರೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಮತ್ತೆ ತೆರೆದರೆ ಖಾಲಿ ನೀರು, ನಾಲ್ಕು ಮೊಟ್ಟೆ. ಅದು ಓಡುತ್ತಿದ್ದ ಹಳೆಯ ಕಂಪ್ಯೂಟರ್ ಕೆಟ್ಟುಹೋಗುವ ಮೊದಲೇ ಅಪ್ಪ ಅದನ್ನು ಇಡಿಯಾಗಿ ಈ ದೊಡ್ಡದರೊಳಗೆ ಬಾಡಿಗೆಗೆ ಕೂರಿಸಿದರು. ವರ್ಚುವಲ್ ಮಷಿನ್ ಎನ್ನುತ್ತಾರೆ, ಯಂತ್ರದ ಹೊಟ್ಟೆಯೊಳಗಿನ ಯಂತ್ರ. ಹೊರಗಿನದು ಹೋಸ್ಟ್, ಅಂದರೆ ಮನೆ ಮಾಲೀಕ. ಮಾಲೀಕನಿಗೆ ಆಗಾಗ ಅಪ್‌ಡೇಟ್ ಬೇಕು, ಅಪ್‌ಡೇಟ್ ಆದರೆ ರೀಬೂಟ್ ಮಾಡಬೇಕು, ರೀಬೂಟ್ ಅಂದರೆ ಬಾಡಿಗೆದಾರನಿಗೂ ಸಾವು. ಅದಕ್ಕೇ ಅಪ್ಪ ಪ್ರತಿ ಸಲ ಮೊದಲು ಒಳಗಿನದಕ್ಕೆ ನಿದ್ದೆ ಮಾಡಿಸುತ್ತಿದ್ದರು. ಆ ಗಳಿಗೆಯಲ್ಲಿ ಅದರ ತಲೆಯೊಳಗೆ ಏನೇನಿದೆಯೋ ಎಲ್ಲ, ಯಜಮಾನಿಯ ಬಾಲ ಎತ್ತ ತಿರುಗಿದೆ ಅನ್ನುವುದೂ ಸೇರಿ, ಒಂದು ಕಡತಕ್ಕೆ ಇಳಿಯುತ್ತದೆ. ಹೋಸ್ಟ್ ಸತ್ತು ಹುಟ್ಟಿ ಬಂದ ಮೇಲೆ ಎಬ್ಬಿಸಿದರೆ ಬಾಲ ಅರ್ಧಕ್ಕೆ ನಿಂತಲ್ಲಿಂದಲೇ ಬೀಸುತ್ತದೆ. ತಾನು ಮಲಗಿದ್ದೇ ಅದಕ್ಕೆ ಗೊತ್ತಿಲ್ಲ.

ಇದರಲ್ಲಿ ಅಪ್ಪನ ಒಂದೇ ಕಟ್ಟಳೆ: ಎಬ್ಬಿಸಿದ ಮೇಲೆ ಅದಕ್ಕೆ ಗಂಟೆ ಹೇಳಬೇಡ. ಮೊದಲ ಸಲ ಅವರೇ ಹೇಳಿಬಿಟ್ಟಿದ್ದರು. ಗಡಿಯಾರ ಸರಿ ಮಾಡಿದ್ದೇ ತಡ, ಮೀನುಗಳಿಗೆ ಒಂದು ದಿನದ ಹಸಿವು ಒಮ್ಮೆಲೇ ಬಂದು ಎಲ್ಲ ಮೇಲೆ ತೇಲತೊಡಗಿದವು. ಹೇಗೋ ಕಾಳು ಸುರಿದು ಉಳಿಸಿಕೊಂಡರು. ಅಂದಿನಿಂದ ಒಳಗಿನ ಗಡಿಯಾರಕ್ಕೂ ಹೊರಗಿನದಕ್ಕೂ ಸಂಬಂಧ ಕಡಿದರು. ಎಚ್ಚರವಿದ್ದಷ್ಟು ಹೊತ್ತು ಮಾತ್ರ ಅದರ ಮುಳ್ಳು ಓಡುತ್ತದೆ, ನಿದ್ದೆಯ ಹೊತ್ತು ಲೆಕ್ಕಕ್ಕಿಲ್ಲ. ಅಪ್ಪ ಆಸ್ಪತ್ರೆಗೆ ಹೋಗುವ ಮುನ್ನ ತೊಟ್ಟಿಗೂ ನಿದ್ದೆ ಮಾಡಿಸಿಯೇ ಹೋಗಿದ್ದರು. ಹಾಗಾಗಿ ಅದರೊಳಗೆ ಅಮ್ಮ ಇನ್ನೂ ಅಡುಗೆಮನೆಯಲ್ಲಿದ್ದ ದಿನವೇ ಇತ್ತು.

ಮನೆಗೆ ಬಂದ ಅಪ್ಪ ಯಂತ್ರದ ಸದ್ದು ಕೇಳಿಯೇ "ಡಿಸ್ಕು ಕೆಮ್ಮುತ್ತಿದೆ ಕಣೋ, ಬದಲಾಯಿಸು. ಹೋಸ್ಟನ್ನೂ ಹೊಸದು ಮಾಡು, ಆಮೇಲೆ ಎಬ್ಬಿಸು" ಎಂದರು. ನಾನು ಮೀನಮೇಷ ಎಣಿಸಿದೆ. ಮೇಷ ಇರಲಿಲ್ಲ, ಮೀನುಗಳಷ್ಟೇ ಇದ್ದವು, ಅದಕ್ಕೇ ಭಯ. ಹಳೆಯ ಹೋಸ್ಟಿನಲ್ಲಿ ಮಲಗಿದ್ದು ಎಷ್ಟೋ ಸಲ ಹೊಸದರಲ್ಲಿ ಏಳುವುದೇ ಇಲ್ಲ. ಅಪ್ಪ ಹಾಸಿಗೆಯಿಂದಲೇ ಹೇಳಿಕೊಟ್ಟರು: ಒಂದೇ ನೆಗೆತ ಬೇಡ, ಒಂದೊಂದೇ ಆವೃತ್ತಿ ಹತ್ತಿಸು, ಪ್ರತಿ ಮೆಟ್ಟಿಲಲ್ಲೂ ಎಬ್ಬಿಸಿ, ನೋಡಿ, ಮತ್ತೆ ಮಲಗಿಸು. ಹಾಗೇ ಮಾಡಿದೆ. ಎದ್ದಾಗೆಲ್ಲ ಯಜಮಾನಿ ಅದೇ ಗತ್ತಿನಲ್ಲಿ ಬಾಲ ಬೀಸಿದಳು. ಅಪ್ಪ ಎದ್ದು ಬಂದು ಕಾಳು ಹಾಕಿದರು. "ನೋಡು, ಕೊಬ್ಬು ಕರಗಿಲ್ಲ ಅವಳಿಗೆ" ಎಂದು ನಕ್ಕರು. ಆ ನಗು ಕೇಳಿ ನಿನ್ನ ಅತ್ತಿಗೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು.

ಇವತ್ತು ಬೆಳಿಗ್ಗೆ ಕೊನೆಯ ಮೆಟ್ಟಿಲು. ಗಡಿಯಾರದ ಸಂಬಂಧ ಕಡಿದೇ ಇದೆ ಎಂದು ಮಲಗಿಸುವ ಮೊದಲು ನೋಡಿಕೊಂಡಿದ್ದೆ. ಆದರೆ ಈ ಹೊಸ ಹೋಸ್ಟ್ ಬಲು ಉಪಕಾರಿ, ಕೇಳದೆಯೇ ಸಹಾಯ ಮಾಡುವ ಜಾತಿ. ಅಪ್‌ಡೇಟ್ ಆಗುವಾಗ ಆ ಸಂಬಂಧವನ್ನು ತಾನೇ ಮತ್ತೆ ಬೆಸೆದಿದೆ. ನಾನು ಇನ್ನೊಮ್ಮೆ ನೋಡಲಿಲ್ಲ. ಎಬ್ಬಿಸಿದೆ. ಯಜಮಾನಿ ಒಂದು ಸಲ ಬಾಲ ಬೀಸಿದಳು. ಪರದೆಯ ಮೂಲೆಯಲ್ಲಿ ಗಡಿಯಾರ ಜಿಗಿದು ಇವತ್ತಿಗೆ ಬಂತು. ಅಷ್ಟೂ ದಿನಗಳ, ಅಷ್ಟೂ ವರ್ಷಗಳ ನಿದ್ದೆಯ ಹಸಿವು ಒಂದೇ ಉಸಿರಿಗೆ ತೊಟ್ಟಿಗೆ ಇಳಿಯಿತು. ಕಾಲ ಸರಿಯಾಯಿತು ಗುಬ್ಬೀ, ಮೀನುಗಳು ಕಾಲವಾದವು. ಕಾಳಿನ ಗುಂಡಿ ಒತ್ತಿದೆ, ಒತ್ತುತ್ತಲೇ ಇದ್ದೆ. ಕೇಸರಿ, ಬೂದು, ಪಟ್ಟೆ, ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು, ಅವುಗಳ ಮೇಲೆ ಕಾಳು ಉದುರುತ್ತಿತ್ತು. ಬಸವನಹುಳುವಿಗೆ ಹಸಿವಿನ ಲೆಕ್ಕವನ್ನೇ ಇಟ್ಟಿರಲಿಲ್ಲವಂತೆ ಆಟ ಬರೆದವರು. ಅದೊಂದೇ ಗಾಜು ಒರೆಸುತ್ತಾ ಇತ್ತು.

ಅಪ್ಪ ಗೋಡೆ ಹಿಡಿದುಕೊಂಡು ಬಂದು ಹಿಂದೆ ನಿಂತಿದ್ದು ನನಗೆ ತಿಳಿಯಲಿಲ್ಲ. "ಯಾರೋ ಅದಕ್ಕೆ ಟೈಮ್ ಹೇಳಿಬಿಟ್ರಲ್ಲೋ" ಎಂದರು, ಅಷ್ಟೇ. ನಾನು ತಡವರಿಸಿದೆ: ಹಿಂದಿನ ಮೆಟ್ಟಿಲಿನ ನಿದ್ದೆಯ ಕಡತದ ಪ್ರತಿ ಇಟ್ಟಿದ್ದೇನೆ, ಹಳೆಯ ಹೋಸ್ಟನ್ನೇ ಮತ್ತೆ ಹಾಕಿದರೆ ಸಂಜೆಯೊಳಗೆ ಎಬ್ಬಿಸಬಹುದು ಎಂದೆ. ಅಪ್ಪ ಅಡ್ಡಡ್ಡ ತಲೆ ಆಡಿಸಿದರು. "ಬೇಡ ಮಗಾ. ಎಷ್ಟು ಸಲ ಅಂತ ಎಬ್ಬಿಸ್ತೀಯಾ ಪಾಪ." ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೂ ಏಳಲಿಲ್ಲ.

ಈಗ ನೀನೇ ಹೇಳು. ಒಂದು ಆಟದ ಮೀನಿಗೆ ಹೀಗಾದವರಿಗೆ ನಿಜವಾದ ಯಜಮಾನಿಯ ಸುದ್ದಿ ಹೇಗೆ ಹೇಳಲಿ? ಇನ್ನೂ ಸ್ವಲ್ಪ ದಿನ ತಳ್ಳೋಣ ಅನ್ನಿಸುತ್ತದೆ. ಹೋಸ್ಟಿನ ಅಪ್‌ಡೇಟ್ ಮುಗಿಯಿತು. ಅಪ್ಪನ ಡೇಟ್ ಮಾತ್ರ ಹಾಗೇ ನಿಂತಿರಲಿ. ನಿನ್ನ ಕಾಲು ಇನ್ನೊಂದು ತಿಂಗಳು ಮುರಿದೇ ಇರಲಿ. ನಿನ್ನ ಅತ್ತಿಗೆ ನಿನ್ನನ್ನು ನೆನೆಸಿಕೊಂಡಳು ಎಂದು ಬರೆಯಲು ಹೇಳಿದ್ದಾಳೆ. ಕಾಗದ ಬರೆಯುತ್ತಿದ್ದೇನೆ ಎಂದು ಗೊತ್ತಾಗಿ ಅಪ್ಪ ಈಗಷ್ಟೇ ಒಳಗಿನಿಂದ ಕೂಗಿ ಹೇಳಿದರು: "ಅಮ್ಮನಿಗೆ ಹೇಳಕ್ಕೆ ಬರಿ, ಮಾತ್ರೆ ಒಂದೂ ತಪ್ಪಿಸಿಲ್ಲ." ಬರೆದಿದ್ದೇನೆ. ತಲೆಗೆ ಆ ಹಳದಿ ಟೋಪಿ ಇಲ್ಲದೆ ಸುರಂಗಕ್ಕೆ ಇಳಿಯಬೇಡ. ಚೆನ್ನಾಗಿರು ಗುಬ್ಬೀ.

ನಿನ್ನ ದೊಡ್ಡಣ್ಣ
(ನಿನ್ನ ಬಾಯಲ್ಲಿ ದಡ್ಡಣ್ಣ)

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಅಪ್ಪನಿಗೆ ಚಹಾ ಕೊಡಲು ಹೋದೆ. ಮುಖ ಗೋಡೆಯ ಕಡೆಗೇ ಇತ್ತು. "ಯಾವತ್ತು ಮಗಾ?" ಎಂದರು. ಏನು ಅಂತ ನಾನು ಕೇಳಲಿಲ್ಲ. ತಾರೀಕು ಹೇಳಿದೆ. ಬೆರಳು ಮಡಿಚಿ ಲೆಕ್ಕ ಹಾಕಿದರು, ತಾವು ಎಚ್ಚರವಿಲ್ಲದೆ ಮಲಗಿದ್ದ ದಿನಗಳಿಗೆ ಅದು ಕೂಡಿಬಂತು. ಆಮೇಲೆ ಬೀರುವಿನ ಹಿಂದಿನ ಕ್ಯಾಲೆಂಡರ್ ತರಿಸಿ ತಾವೇ ಹಾಳೆ ತಿರುಗಿಸಿದರು. ಅವರಿಗೆ ನಿನ್ನ ಮೊದಲ ಕಾಗದದಲ್ಲೇ ಗೊತ್ತಾಗಿತ್ತಂತೆ. "ಜನ್ಮದಲ್ಲಿ ಒಂದು ದಿನ 'ನಿಮ್ಮದೇ ಯೋಚನೆ' ಅಂದವಳಲ್ಲ ಕಣೋ ಅವಳು. ಮಾತ್ರೆ ನುಂಗ್ತೀರೋ ಇಲ್ಲಾ ನನ್ನ ಪ್ರಾಣ ನುಂಗ್ತೀರೋ ಅಂತಿದ್ಳು." ಅಷ್ಟು ಹೇಳಿ ಚಹಾ ಕುಡಿದರು. ತನಗೆ ಗೊತ್ತಿದೆ ಅಂತ ಗುಬ್ಬಿಗೆ ಮಾತ್ರ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. "ಗೊತ್ತಾದ್ರೆ ಬರೆಯೋದು ನಿಲ್ಲಿಸಿಬಿಡ್ತಾಳೆ." ನಾನು ಹೇಳಿಬಿಟ್ಟೆ. ಟ್ರಕ್ಕು ಹತ್ತಿ ನೀನೇ ಬಾ. ಬರುವುದು ತಡವಾದರೆ ಕಾಗದದ ಕೊನೆಗೆ ಅಮ್ಮನ ಸಾಲು ಬಿಡಬೇಡ. ಈ ಸಲ ಮಾತ್ರ ಚೆನ್ನಾಗಿ ಬೈದು ಬರಿ.