ಮೆರವಣಿಗೆಯ ಮುಂದಿದ್ದವನು

ಬೇಕರಿ ಹಿಂದಿನ ಓಣಿ, ಮನೆಯಿಂದ
ಮಾರ್ಚ್ ೧೪, ಗುರುವಾರ

ಪ್ರೀತಿಯ ಮಗನೇ,

ಕೆಮ್ಮು ಹೇಗಿದೆ? ಸುರಂಗದ ಕೆಲಸಕ್ಕೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಎರಡು ಬನಿಯನ್ ಕಳಿಸಿದ್ದೇನೆ, ಅವನ್ನಾದರೂ ಯಾರಿಗೂ ದಾನ ಮಾಡಬೇಡ. ನನ್ನ ಮಂಡಿನೋವು ಹಳೇ ಬಾಡಿಗೆದಾರನ ಹಾಗೆ, ಜಗಳವೂ ಇಲ್ಲ, ಖಾಲಿ ಮಾಡುವುದೂ ಇಲ್ಲ.

ಫೋನಿನಲ್ಲಿ ಹೇಳಿದರೆ ನೀನು ಪೂರ್ತಿ ಕೇಳುವ ಮೊದಲೇ ಕೂಗಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು. ಹೋದ ತಿಂಗಳು ನಾನು ಬೇಕರಿಯಲ್ಲಿದ್ದಾಗ ನಿನ್ನ ಭಾವ ಮನೆಗೆ ಬಂದು, ಒಬ್ಬಳೇ ಇದ್ದ ನಿನ್ನ ತಂಗಿಯ ಮೇಲೆ ಅತ್ಯಾಚಾರ ಮಾಡಿದ. ಇದನ್ನು ಬೇರೆ ಮಾತಿನಲ್ಲಿ ಬರೆಯಲು ನನಗೆ ಬರುವುದಿಲ್ಲ. ಕೆಲವು ದಿನ ಕಳೆದ ಮೇಲೆ, ಹಿಟ್ಟು ಜರಡಿ ಹಿಡಿಯುತ್ತಾ ಅವಳೇ ಹೇಳಿದಳು. ನಾನು ಕೈ ತೊಳೆದು ಪೊಲೀಸ್ ಠಾಣೆಗೆ ಹೊರಟೆ. ಅವಳು ಬಾಗಿಲಿಗೆ ಅಡ್ಡ ನಿಂತಳು. "ನೇಣು ಹಾಕ್ತಾರಲ್ಲಮ್ಮಾ. ಅಕ್ಕನ ಮಕ್ಕಳ ಅಪ್ಪನ್ನ ನಾನೇ ಕೊಂದ ಹಾಗಾಗುತ್ತೆ" ಅಂದಳು. ಆಮೇಲೆ ಅವಳ ಬಾಯಿಗೆ ಬೀಗ.

ಅತ್ಯಾಚಾರ ಮಾಡಿದವನಿಗೆ ನೇಣು ಅನ್ನುವ ಆ ಕಾನೂನು ಬೇಕೆಂದು ಬೇಕರಿಯವರೆಲ್ಲ ಮೆರವಣಿಗೆ ಹೋಗಿದ್ದು ನಿನಗೆ ಗೊತ್ತು. ಅದು ಜಾರಿಯಾದ ದಿನ ನೀನೂ ಫೋನ್ ಮಾಡಿ "ಇನ್ನು ಒಬ್ಬನೂ ಬಾಲ ಬಿಚ್ಚಲ್ಲ, ನೋಡ್ತಿರಮ್ಮಾ" ಅಂದಿದ್ದೆ. ಮೆರವಣಿಗೆಯಲ್ಲಿ ಬ್ಯಾನರಿನ ಒಂದು ತುದಿ ಹಿಡಿದಿದ್ದವನು ನಿನ್ನ ಭಾವ. ಬೇಕರಿ ವ್ಯಾನ್ ಓಡಿಸಿ, ಬೀದಿ ಬೀದಿ ಕೂಗಿ ಗಂಟಲು ದೊಡ್ಡದು. "ನೇಣಿಗೆ ಹಾಕಿ" ಎಂದು ಕೂಗಿ ಧ್ವನಿ ಹೋದಾಗ ಬಿಸಿನೀರು ಕಾಯಿಸಿ ಕೊಟ್ಟವಳು ನಾನೇ. ಅವನು ನಾಟಕ ಆಡಿದ ಅಂತ ನನಗೆ ಅನಿಸುವುದಿಲ್ಲ. ನೇಣು ಯಾರೋ ಗುರುತಿಲ್ಲದ ರಾಕ್ಷಸನಿಗೆ, ತಾನು ಮನೆಯ ಅಳಿಯ, ಅಷ್ಟೇ ಅವನ ಲೆಕ್ಕ. ಹೆದರಬೇಕಾದರೆ ಸಿಕ್ಕಿಬೀಳುತ್ತೇನೆ ಅನ್ನಿಸಬೇಕಲ್ಲ. ಇವಳು ಹೇಳುವುದಿಲ್ಲ ಎಂದು ಅವನು ನಂಬಿದ್ದ. ಹಗ್ಗ ದೊಡ್ಡದಾದಷ್ಟೂ ಆ ನಂಬಿಕೆಯೇ ಗಟ್ಟಿಯಾಯಿತು.

ಸೋಮವಾರ ನಾನೊಬ್ಬಳೇ ಠಾಣೆಗೆ ಹೋಗಿ, ಹೆಸರು ಹೇಳದೆ ವಿಚಾರಿಸಿದೆ. ಅಲ್ಲಿದ್ದ ಹೆಂಗಸು ಅಧಿಕಾರಿ, "ಎಲ್ಲ ಕೇಸಿಗೂ ನೇಣಲ್ಲಮ್ಮಾ, ಅದನ್ನ ಜಡ್ಜ್ ನೋಡ್ಕೋತಾರೆ. ಮೊದ್ಲು ಯಾರಾದ್ರೂ ಬಂದು ಹೇಳ್ಬೇಕಲ್ಲ. ಮಾಡಿದೋನು ಗುರುತಿನವನೇ ಆದ್ರೆ, ಈಗ ಬಾಗಿಲವರೆಗೂ ಬಂದೋರು ನೇಣಿಗೆ ಹೆದರಿ ವಾಪಸ್ ಹೋಗ್ತಾರೆ" ಅಂದಳು.

ನಿನ್ನೆ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿ, ಅಕ್ಕನಿಗೆ ನಡೆದದ್ದನ್ನು ತಿಳಿಸಿ, ಇಬ್ಬರಿಗೂ ಠಾಣೆಯವಳ ಮಾತು ಹೇಳಿದೆ. ನಿನ್ನ ಅಕ್ಕ ಮೊದಲು ನನ್ನ ಮೇಲೇ ಹರಿಹಾಯ್ದಳು. "ಜೈಲಿಗೆ ಹಾಕ್ಸು, ತುಟಿ ಪಿಟಕ್ ಅನ್ನಲ್ಲ. ಸಾಯ್ಸು ಅಂದ್ರೆ ಮಕ್ಕಳಿಗೆ ಏನಂತ ಹೇಳ್ಲಿ?" ಅಂದಳು. ಆಗ ತಂಗಿ ಬಾಯಿ ಬಿಟ್ಟಳು. "ಅವನು ಸಾಯೋದು ನಂಗೆ ಬೇಕಿಲ್ಲ ಅಕ್ಕಾ. ಅವನು ಈ ಬಾಗಿಲು ತಟ್ಟೋದು ನಿಲ್ಲಬೇಕು." ಅಕ್ಕ ಎದ್ದು ತನ್ನ ಮನೆಗೆ ಹೋದಳು.

ತಂಗಿ ಇನ್ನೂ ಹೂಂ ಅಂದಿಲ್ಲ. ನಾನು ಒತ್ತಾಯ ಮಾಡುತ್ತಿಲ್ಲ. ನಿನ್ನ ಮೈ ನೋಡಿಕೋ, ಮಗಾ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಮ್ಮ

ಮರೆತಿದ್ದೆ ಅಂದುಕೊಳ್ಳಬೇಡ, ಈಗಷ್ಟೇ ಆದದ್ದು: ಅಕ್ಕ ಮಕ್ಕಳನ್ನು ಕರೆದುಕೊಂಡು ಬಟ್ಟೆಗಂಟಿನ ಸಮೇತ ಬಂದಿದ್ದಾಳೆ, ತಂಗಿಯ ಜಡೆ ಹಾಕುತ್ತಿದ್ದಾಳೆ. ತಂಗಿ ಹೂಂ ಅಂದಳು, ಮೂವರೂ ಠಾಣೆಗೆ ಹೊರಟೆವು. ನೀನು ಓಡಿ ಬಂದು ಅವನ ಮೇಲೆ ಕೈ ಮಾಡಬೇಡ, ಆಮೇಲೆ ನಿನ್ನ ಹಿಂದೆಯೂ ನಾವೇ ಕೋರ್ಟಿಗೆ ಅಲೆಯಬೇಕು. ಸಂಜೆ ತಂಗಿಗೆ ಫೋನ್ ಮಾಡು. ಅವನ ಮಾತು ಎತ್ತಬೇಡ. ಊಟ ಮಾಡಿದಳಾ ಅಂತ ಕೇಳು.