ಗಾಳಿಗೆ ತೆರೆಯುವ ಬಾಗಿಲು

ಅಕ್ಕಾ,

ಸುಖವಾಗಿ ತಲುಪಿದ್ದೇನೆ. ಆದರೆ ಈ ಕೇರಿ ಎಂಥದ್ದೆಂದು ತಲೆಬುಡ ತಿಳಿಯುತ್ತಿಲ್ಲ. ಊರ ನಡುವಿನ ಹಳೇ ಗಿರಣಿ ಕೇರಿಯಲ್ಲಿ ಒಬ್ಬ ಅಜ್ಜಿಯ ಮನೆಯ ಮಹಡಿಯ ಮೇಲೆ ಕೋಣೆ ಸಿಕ್ಕಿದೆ. ನಿನ್ನೆ ಬೆಳಿಗ್ಗೆ ಬಚ್ಚಲೆಂದುಕೊಂಡು ಒಂದು ಬಾಗಿಲು ತೆಗೆದೆ. ಎದುರಿಗೆ ಬರೀ ಗಾಳಿ, ಕೆಳಗೆ ಬೀದಿ! ಎದುರಂಗಡಿಯ ಕ್ಷೌರಿಕ "ಏಯ್, ನಿಂತ್ಕೊಳ್ಳಮ್ಮಾ!" ಎಂದು ಕೂಗದಿದ್ದರೆ ಈ ಕಾರ್ಡು ಬರೆಯಲು ನಾನಿರುತ್ತಿರಲಿಲ್ಲ. ಚೌಕಟ್ಟು ಹಿಡಿದುಕೊಂಡೆ, ಮೊಣಕಾಲು ಹೊಸ್ತಿಲಿಗೆ ಉಜ್ಜಿತು.

ಹಿಂದೆ ಈ ಬಾಗಿಲಿಂದ ಎದುರಿನ ನೂಲಿನ ಗಿರಣಿಗೆ ಮರದ ಸೇತುವೆಯಿತ್ತಂತೆ. ಜನ ಬೀದಿಗಿಳಿಯದೆ ಕೆಲಸಕ್ಕೆ ಹೋಗುತ್ತಿದ್ದರಂತೆ. ಗಿರಣಿ ಮುಚ್ಚಿತು, ಸೇತುವೆ ಕಿತ್ತರು. ಉಳಿದ ಮನೆಗಳವರು ತಮ್ಮ ಇಂಥ ಬಾಗಿಲುಗಳಿಗೆ ಇಟ್ಟಿಗೆ ಕಟ್ಟಿಸಿದ್ದಾರೆ. ಇಲ್ಲಿ ಚಿಲಕವೂ ಇಲ್ಲ.

"ಮುಚ್ಚಿಸಿಬಿಡಿ ಅಜ್ಜಿ" ಎಂದೆ.

"ನಮ್ಮೆಜಮಾನ್ರು ಪಾಳಿಗೆ ಅಂತ ಇಲ್ಲಿಂದಾನೇ ಹೋಗಿದ್ದು. ಬಂದ್ರೆ ಇಲ್ಲಿಂದಾನೇ ಬರ್ಬೇಕಲ್ವಾ?"

ಅವರು ಗಿರಣಿಗೆ ಬಿದ್ದ ಬೆಂಕಿಯಲ್ಲಿ ತೀರಿಹೋದರು ಎನ್ನುತ್ತಾನೆ ಕ್ಷೌರಿಕ. ಇನ್ನೊಂದು ಸಂಸಾರ ಹೂಡಿದರು ಎನ್ನುತ್ತಾಳೆ ಪಕ್ಕದ ಮನೆಯಾಕೆ. ಗಿರಣಿಗೆ ಬೆಂಕಿಯೇ ಬಿದ್ದಿಲ್ಲವೆಂದೂ ಆಣೆ ಹಾಕುತ್ತಾಳೆ. ಯಾರನ್ನು ನಂಬುವುದೋ!

ಮೊಣಕಾಲು ತರಚಿದೆ, ಅಷ್ಟೇ. ಅಮ್ಮನಿಗೆ ಹೇಳಬೇಡ, ಹೊರಟುಬಂದಾಳು.

ಅಜ್ಜಿಗೆ ತಿಳಿಸದೆ, ಬಾಗಿಲಿಗೆ ಹಲಗೆ ಹೊಡೆಯಲು ಬಡಗಿಯನ್ನು ಕರೆಸಿದ್ದೆ. ಇವತ್ತು ಬಂದು ಸುತ್ತಿಗೆ ಎತ್ತಿದ. ಏನಾಯಿತೋ ಕಾಣೆ, "ಹಲಗೆ ಬೇಡ, ಒಂದು ಚಿಲಕ ಹಾಕಿ ಸಾಕು" ಎಂದುಬಿಟ್ಟೆ.

"ಒಳಗಡೆಯಿಂದ ತಾನೇ?"

"ಹೊರಗಿಂದಲೂ ತೆಗೆಯೋ ಹಾಗಿರ್ಲಿ."

ಅವನು ಒಮ್ಮೆ ಬೀದಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ