ಇಲ್ಲೊಂದು ಗೀಟು ಎಳೀರಿ

ಗುರುವಾರ, ಡಿಸೆಂಬರ್ ೧೯

ಪ್ರೀತಿಯ ಅಕ್ಕ,

ನಿನ್ನ ಅಪ್ಪನನ್ನು, ನನ್ನ ದೊಡ್ಡಪ್ಪನನ್ನು, ಕೆಲಸದಿಂದ ತೆಗೆದುಹಾಕಿದ್ದಾರೆ. ಹತ್ತೊಂಬತ್ತು ವರ್ಷ ಪಾರ್ಸೆಲ್ ಗಾಡಿ ಓಡಿಸಿದ ಮನುಷ್ಯನನ್ನು ಮೆಟ್ಟಿಲು ಹತ್ತಿಸಿ, ಗಡಿಯಾರ ಹಿಡಿದು ನೋಡಿ, ಎಲ್ಲರ ಎದುರು ಮನೆಗೆ ಕಳಿಸಿದ್ದಾರೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಹೇಗಿದ್ದೀ, ಹಾಸ್ಟೆಲಿನ ಊಟ ಈಗಲಾದರೂ ಸೇರುತ್ತಿದೆಯೇ ಎಂದು ಕೇಳದೆ ಶುರು ಮಾಡಿದೆ, ಕ್ಷಮಿಸು. ಇದಾಗಿ ಒಂಬತ್ತು ದಿನ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು "ಅಪ್ಪ ಹೇಗಿದಾರೆ?" ಎಂದೆ, ನಾನು "ಆರಾಮಾಗಿದಾರೆ" ಎಂದು ಇಟ್ಟೆ. "ಅವಳ ಪರೀಕ್ಷೆ ಮುಗಿಯೋವರೆಗೂ ಬಾಯಿ ಬಿಡಬೇಡಿ" ಎಂದು ದೊಡ್ಡಪ್ಪನ ಆಜ್ಞೆ. ನಿನ್ನೆ ನಿನ್ನ ಪರೀಕ್ಷೆ ಮುಗಿಯಿತು. ನಿನ್ನದೇ ಕೋಣೆಯಲ್ಲಿ, ನಿನ್ನದೇ ಕಾಲು ಮುರಿದ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ನನ್ನನ್ನು ಈ ಕೆಲಸಕ್ಕೆ ದೂಡಿದ್ದು ನೀನೇ. ವರ್ಷದ ಕೊನೆಯ ಆರು ವಾರ ಪಾರ್ಸೆಲ್ ದುಪ್ಪಟ್ಟಾಗುತ್ತದೆ, ಡ್ರೈವರ್‌ಗೊಬ್ಬ ಸಹಾಯಕ ಬೇಕಾಗುತ್ತದೆ. "ದುಡಿಯೋರ ಬಗ್ಗೆ ಓದಿದ್ದು ಸಾಕು, ಹೋಗಿ ದುಡಿದು ನೋಡು" ಎಂದಿದ್ದೆ ನೀನು. ನೋಡಿದೆ ಅಕ್ಕ. ದೊಡ್ಡಪ್ಪ ಗಾಡಿ ನಿಲ್ಲಿಸುತ್ತಾರೆ, ನಾನು ಡಬ್ಬ ಹಿಡಿದು ಜಿಗಿಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಸಹಿ ಹಾಕುವ ಯಂತ್ರ ಚಾಚುತ್ತೇನೆ. ಮೊದಲ ದಿನ ಒಬ್ಬ ಅಜ್ಜಿ ಕನ್ನಡಕ ಹುಡುಕಿ ತಂದು, ಪರದೆಯ ಮೇಲಿದ್ದದ್ದನ್ನೆಲ್ಲ ಓದಲು ನಿಂತರು. ಕೆಳಗೆ ಹಾರ್ನ್ ಮೇಲೆ ಹಾರ್ನ್.

"ಏ ಕರಪತ್ರ!" ಎಂದರು ದೊಡ್ಡಪ್ಪ, ನಾನು ಇಳಿದು ಬಂದಾಗ. ಬೀದಿಯಲ್ಲಿ ಕರಪತ್ರ ಹಂಚುವವಳೆಂದು ಗಾಡಿಯಲ್ಲಿ ನನಗೆ ಅದೇ ಹೆಸರು. "ಓದೋಕೆ ಬಿಟ್ರೆ ಅಲ್ಲೇ ಸಂಜೆ ಆಗುತ್ತೆ. ಬೆರಳು ತೋರಿಸು, 'ಇಲ್ಲೊಂದು ಗೀಟು ಎಳೀರಿ' ಅನ್ನು. ನಗ್ತಾ ಎಳೀತಾರೆ."

ಹಾಗೇ ಆಯಿತು. ದಿನಕ್ಕೆ ನೂರೆಂಬತ್ತು ಬಾಗಿಲು, ನೂರೆಂಬತ್ತು ಗೀಟು. ಒಬ್ಬರೂ ಓದಲಿಲ್ಲ.

ಇನ್ನೊಂದು ಪಾಠವನ್ನೂ ಕಲಿಸಿದರು. ಪಾರ್ಸೆಲ್ ನೆಲಕ್ಕೆ ಇಡಬಾರದು. "ಅವರ ಕೈ ಸೇರೋವರೆಗೂ ಅದು ಕಂಕುಳ ಕೂಸು ಕಣೇ. ಬಾಣದ ಗುರುತು ಯಾವಾಗ್ಲೂ ಮೇಲೆ."

ಎರಡನೆಯ ವಾರ, ಅವರು ಸೀಟಿನಲ್ಲಿ ಕೂತು ಬಲಮಂಡಿಗೆ ಬಟ್ಟೆ ಬಿಗಿಯುವುದನ್ನು ಕಂಡುಬಿಟ್ಟೆ. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. "ಕಂಡಿದ್ದನ್ನ ನುಂಗಿಬಿಡು," ಎಂದರು. "ಎರಡು ವರ್ಷದಿಂದ ಹೀಗೇ, ನಿನ್ನ ದೊಡ್ಡಮ್ಮನಿಗೂ ಗೊತ್ತಿಲ್ಲ. ಆರು ವಾರ ನೀನು ಹತ್ತಿದ್ರೆ ಇದಕ್ಕೆ ರಜಾ. ಆಮೇಲೆ ಇನ್ನೊಂದು ವರ್ಷ ತಳ್ತೀನಿ." ನುಂಗಿದೆ ಎಂದು ಮಾತು ಕೊಟ್ಟೆ.

ಆದರೆ ರಕ್ತ ಕುದಿಯಿತು. ಸಹಾಯಕರು ವರ್ಷವಿಡೀ ಬೇಕು, ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ ಬೇಕು ಎಂದು ಕಂಪನಿಗೆ ಮನವಿ ಬರೆದೆ. ದೊಡ್ಡಪ್ಪನೂ ಸೇರಿ ಹನ್ನೊಂದು ಡ್ರೈವರ್‌ಗಳ ಸಹಿ ಬಿತ್ತು. ಒಂಟಿ ಕಡ್ಡಿ ಮುರಿದೀತು, ಕಟ್ಟು ಮುರಿಯದು ಎಂದು ಎಷ್ಟು ಹಾರಾಡಿದೆ ಗೊತ್ತೇ?

ಹೋದ ವಾರ ಮಂಗಳವಾರ ಬೆಳಿಗ್ಗೆ ಗೋದಾಮಿನ ಮೇಲ್ವಿಚಾರಕ ನನ್ನ ಎದುರಿಗೇ ದೊಡ್ಡಪ್ಪನನ್ನು ಮಾತಿಗೆ ಕರೆದ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಉತ್ತರ ಗೊತ್ತಿತ್ತು.

"ನಿಮ್ಮ ಮನವಿ ಓದಿ ಮನಸ್ಸಿಗೆ ಕಷ್ಟ ಆಯ್ತು ಯಜಮಾನ್ರೇ. ಎರಡು ವರ್ಷದಿಂದ ಬಲಮಂಡಿ ಹೋಗಿದೆ, ಮೆಟ್ಟಿಲು ಹತ್ತೋಕಾಗಲ್ಲ ಅಂತ ಬರೆದಿದೆ. ಸಹಿ ನಿಮ್ಮದೇ ತಾನೆ?"

ದೊಡ್ಡಪ್ಪ ಹಾಳೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ನನ್ನನ್ನು ನೋಡಿದರು. "ಸಹಿ ನಂದೇ" ಎಂದರು.

"ಹಾಗಾದ್ರೆ ಒಂದು ಸಣ್ಣ ಪರೀಕ್ಷೆ. ನಿಮ್ಮ ಒಳ್ಳೇದಕ್ಕೇ."

ಇಪ್ಪತ್ತು ಕಿಲೋ ಡಬ್ಬ, ಗೋದಾಮಿನ ಹೊರಮೆಟ್ಟಿಲು, ನಾಲ್ಕು ಮಹಡಿ, ಎರಡು ನಿಮಿಷ. ಸಹಿ ಹಾಕಿದ ಉಳಿದ ಹತ್ತೂ ಡ್ರೈವರ್‌ಗಳು ಗಾಡಿಗಳ ಪಕ್ಕ ನಿಂತು ತಮ್ಮ ಚಪ್ಪಲಿ ನೋಡುತ್ತಿದ್ದರು. ಎರಡನೆಯ ಮಹಡಿಯವರೆಗೆ ಹತ್ತಿದರು ಅಕ್ಕ. ಮೂರನೆಯದಕ್ಕೆ ಕಾಲು ಎತ್ತಿದವರು ಎತ್ತಿದ ಹಾಗೇ ನಿಂತರು, ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಡಬ್ಬ ತೊಡೆಯ ಮೇಲಿತ್ತು. ಕೂತವರು ಮೊದಲು ಮಾಡಿದ್ದೇನು ಗೊತ್ತೇ? ಬಾಣದ ಗುರುತು ಮೇಲಿದೆಯೇ ಎಂದು ನೋಡಿದರು.

"ಕೆಳಗಿಡಿ ಪರವಾಗಿಲ್ಲ, ಅದರಲ್ಲಿರೋದು ಬರೀ ಇಟ್ಟಿಗೆ" ಎಂದ ಮೇಲ್ವಿಚಾರಕ.

ಇಡಲಿಲ್ಲ. ನಾನು ಹತ್ತಿ ಹೋಗಿ ಕೈಗೆ ತೆಗೆದುಕೊಂಡ ಮೇಲೆಯೇ ಬಿಟ್ಟರು. ಬೀದಿಬೀದಿಯಲ್ಲಿ ಭಾಷಣ ಬಿಗಿಯುವ ನಾನು ಡಬ್ಬ ಹೊತ್ತುಕೊಂಡು ಅವರ ಹಿಂದೆ ಮೆಟ್ಟಿಲು ಇಳಿದೆ.

ಮಧ್ಯಾಹ್ನದೊಳಗೆ ಕಾಗದ ಬಂತು. 'ಕೆಲಸಕ್ಕೆ ಅನರ್ಹ.' ನಾನೂ ಅಂದೇ ಬಿಟ್ಟೆ. ಈಗ ದೊಡ್ಡಪ್ಪ ಬೆಳಿಗ್ಗೆ ಆರಕ್ಕೇ ಷರ್ಟು ತೊಟ್ಟು, ಬೀದಿಯಲ್ಲಿ ಯಾವ ಗಾಡಿ ನಿಂತರೂ ಕಿಟಕಿಗೆ ಬರುತ್ತಾರೆ. ದೊಡ್ಡಮ್ಮ ಕಂಪನಿಗೆ ಹಿಡಿಶಾಪ ಹಾಕುತ್ತಾ ನನ್ನ ತಟ್ಟೆಗೆ ಒಂದು ಸೌಟು ಹೆಚ್ಚೇ ಬಡಿಸುತ್ತಾರೆ. "ನೀನೊಬ್ಬಳಾದ್ರೂ ಅವರ ಪರ ನಿಂತೆಯಲ್ಲ ಮಗಳೇ" ಎನ್ನುತ್ತಾರೆ. ನಿನಗೆ ಅವರಿಬ್ಬರ ಆಶೀರ್ವಾದ. ನೀನು ಚೆನ್ನಾಗಿರು, ಹೊತ್ತುಹೊತ್ತಿಗೆ ಉಣ್ಣು.

ನಿನ್ನ ತಂಗಿ,
ಕರಪತ್ರ

ಮರೆತು ಉಳಿಸಿದ್ದಲ್ಲ, ಬರೆಯಲಾರದೆ ಉಳಿಸಿದ್ದು: ಉಳಿದ ಹತ್ತು ಜನ ಸಹಿ ಹಾಕುವಾಗ ಮನವಿಯಲ್ಲಿ ಮಂಡಿಯ ಮಾತು ಇರಲಿಲ್ಲ. ಬೇಡಿಕೆಗೆ ಒಂದು ಜೀವಂತ ಸಾಕ್ಷಿ ಬೇಕೆಂದು ಕೊನೆಯ ಹಾಳೆಯಲ್ಲಿ ನಾನೇ ಸೇರಿಸಿದೆ. ಕೇಳಿದರೆ ದೊಡ್ಡಪ್ಪ ಬೇಡವೆನ್ನುತ್ತಾರೆಂದು ಗೊತ್ತಿತ್ತು. ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಹಾಳೆ ಚಾಚಿ, ಬೆರಳು ತೋರಿಸಿ, "ಇಲ್ಲೊಂದು ಗೀಟು ಎಳೀರಿ" ಎಂದೆ. ನಗುತ್ತಾ ಎಳೆದರು. ಇಂದಿನವರೆಗೆ ಅವರು ನನ್ನನ್ನು ಬೈದಿಲ್ಲ, ಯಾರಿಗೂ ಹೇಳಿಲ್ಲ. ದೊಡ್ಡಮ್ಮನಿಗೆ ನಾನೇ ಹೇಳಬೇಕು, ಒಬ್ಬಳೇ ಹೇಳಲಾರೆ. ನೀನು ರಜೆಗೆ ಬರುವ ೨೮ನೇ ತಾರೀಖು ಶನಿವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ, ನಿನ್ನ ಬಸ್ಸು ಬಂದು ನಿಲ್ಲುವ ಜಾಗದಲ್ಲಿ ನಿಂತಿರುತ್ತೇನೆ.